ಮೌನವನ್ನು ದಾಟಿಸದ ಫೋನು

ಆಗಸ್ಟ್ ಆರು, ಸೋಮವಾರ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಕೆಳಗೆ ಒಂದೇ ಸಾಲಿದೆ: "ಐದು ಫೋನು, ಐವತ್ತೆರಡು ದಿನ, ಮಾಮನ ಕುರ್ಚಿ."

ಐವತ್ತೆರಡು ದಿನ ಎಂದರೆ ಪಿತೃಪಕ್ಷ ಶುರುವಾಗುವವರೆಗಿನ ಅವಧಿ. ಅದು ೨೦೦೭. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ವಸತಿ, ಶ್ರಾದ್ಧ, ಅಸ್ಥಿ ವಿಸರ್ಜನೆಯ ಏರ್ಪಾಡು ಮಾಡುವ ಒಂದು ಟ್ರಸ್ಟಿನಲ್ಲಿ ನಾನು ಆಗ ಕೆಲಸಕ್ಕಿದ್ದೆ. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಚೇರಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ಅಲ್ಲಿ ನಾನೊಬ್ಬಳೇ ಆದ್ದರಿಂದ ತಂತಿಯಿರುವ ಎಲ್ಲ ವಸ್ತುಗಳೂ ನನ್ನ ಪಾಲಿಗೆ ಬಂದಿದ್ದವು.

ಟ್ರಸ್ಟಿನ ಮುಖ್ಯ ಕಚೇರಿ ಮೈಸೂರಿನಲ್ಲಿತ್ತು. ಮನೆಯಲ್ಲಿ ಸಾವಾದವರು ಅಲ್ಲಿಗೆ ಬಂದು ಕಾಶಿಗೆ ಮಾತಾಡಬೇಕೆಂದರೆ ಗುಮಾಸ್ತೆ ಎಸ್‌ಟಿಡಿ ಲೈನಿನಲ್ಲಿ ನಮಗೆ ಫೋನು ಹಚ್ಚುತ್ತಿದ್ದಳು. ಇನ್ನು ಅಲ್ಲಿ ಮೂರು ಕ್ಯಾಬಿನ್ ಮಾಡಿ, ಎರಡೂ ಕಚೇರಿಗಳ ಇಂಟರ್ನೆಟ್ ಮೂಲಕವೇ ಮಾತು ಹಾಯಿಸಬೇಕು ಎಂದು ಮೈಸೂರಿನ ಕಾರ್ಯದರ್ಶಿಗಳು ತೀರ್ಮಾನಿಸಿದ್ದರು. ಅದಕ್ಕೆ ಹೊಂದುವ ಐದು ಮೇಜಿನ ಫೋನುಗಳನ್ನು ಆರಿಸಿಕೊಡುವುದು ನನ್ನ ಕೆಲಸ.

ಐದರಲ್ಲಿ ನಾಲ್ಕು ಸುಲಭ. ಐದನೆಯದು ಮಾಮನದು.

ಮಾಮ ನಮ್ಮ ಟೆಲಿಫೋನ್ ಆಪರೇಟರು. ಹುಟ್ಟಿನಿಂದ ಕಣ್ಣಿಲ್ಲ. ನಮ್ಮ ಮನೆಯ ಹಾಗೆ ಅವರದೂ ಇಲ್ಲೇ ನೆಲೆನಿಂತ ಪುರೋಹಿತರ ಮನೆ. ಗಲ್ಲಿಯ ಮಕ್ಕಳಿಗೆಲ್ಲ ಅವರು ಮಾಮ. ಇಪ್ಪತ್ತೊಂದು ವರ್ಷದಿಂದ ಎರಡು ಲೈನಿನ ಹಳೆಯ ಪೆಟ್ಟಿಗೆಯ ಮುಂದೆ ಕೂತಿದ್ದರು. ಒಂದು ಲೈನಿಗೆ ಗಂಟೆ, ಇನ್ನೊಂದಕ್ಕೆ ಬಜರ್. ಕರೆ ಬಂದರೆ ಊರು, ಗೋತ್ರ, ತಿಥಿ, ಸತ್ತವರ ಹೆಸರು, ಬರುವವರೆಷ್ಟು ಜನ, ಎಲ್ಲವನ್ನೂ ಕೇಳಿಕೊಂಡು ದಪ್ಪ ಕಾಗದದ ಮೇಲೆ ಕಡ್ಡಿಯಿಂದ ಬ್ರೈಲ್ ಚುಕ್ಕಿ ಒತ್ತುತ್ತಿದ್ದರು. ಸಂಜೆ ಅದನ್ನು ಬೆರಳಿನಲ್ಲಿ ಓದಿ ಹೇಳಿದರೆ ನಾನು ರಿಜಿಸ್ಟರಿಗೆ ಇಳಿಸುತ್ತಿದ್ದೆ.

ಕಾರ್ಯದರ್ಶಿಗಳು ಅಂದು ಸ್ಪೀಕರಿನಲ್ಲಿ ಮಾತಾಡಿದರು. ಕೋಣೆಯಲ್ಲಿ ನಾನು, ನಮ್ಮ ವ್ಯವಸ್ಥಾಪಕರು, ಮಾಮ.

"ನಾನು ಯಾರನ್ನೂ ತೆಗೀಬೇಕು ಅಂತಿಲ್ಲ. ಅವರ ಕೈಗೆ ಆಗೋ ಫೋನ್ ಸಿಕ್ಕರೆ ಅವರೇ ಕೂರಲಿ. ನಿಜವಾದ ಕರೆ ನೂರು ಕೊಟ್ಟು ನೋಡಿ. ತೊಂಬತ್ತೈದು ಸರಿ ಹೋಗಬೇಕು. ಇಲ್ದಿದ್ರೆ ಪಕ್ಷದ ಹೊತ್ತಿಗೆ ಆ ಜಾಗಕ್ಕೆ ಬೇರೆಯವರು. ಪಕ್ಷದಲ್ಲಿ ತಪ್ಪಾದ್ರೆ ಯಾರದೋ ಅಪ್ಪನ ತಿಥಿ ತಪ್ಪುತ್ತೆ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಲೈನ್ ಕಟ್ಟಾದ ಮೇಲೆ ಮಾಮ ನನ್ನ ಕಡೆ ತಿರುಗಿದರು.

"ಬಿಟಿಯಾ, ಬರ್ಕೊಂಡ್ಯಾ?"

"ಬರ್ಕೊಂಡೆ ಮಾಮ."

"ನಾನು ಸೀನಿದ್ದೂ ಬರ್ಕೊಂಡಿರ್ತೀಯ ನೀನು."

ಸಿಗರಾ ಬಡಾವಣೆಯ ಫೋನಿನ ಅಂಗಡಿಯವನಿಂದ ಮಾದರಿಗೆಂದು ನಾಲ್ಕು ಫೋನು ತಂದೆ. ಒಂದೊಂದನ್ನೂ ಮಾಮನ ಮುಂದಿಟ್ಟು, ನಾನು ಪಕ್ಕದ ಕೋಣೆಯಿಂದ ಇಪ್ಪತ್ತಿಪ್ಪತ್ತು ಕರೆ ಮಾಡುವುದೆಂದು ಗೊತ್ತುಮಾಡಿಕೊಂಡೆ. ನಾನು ಬರೆದುಕೊಂಡ ಊರು, ಗೋತ್ರ, ಹೆಸರುಗಳನ್ನು ಓದುತ್ತೇನೆ. ಅವರು ಎತ್ತಬೇಕು, ಒತ್ತಬೇಕು, ಪುರೋಹಿತರ ಹಾಲಿಗೋ ರೂಮು ಗೊತ್ತುಮಾಡುವ ಮೇಜಿಗೋ ದಾಟಿಸಬೇಕು.

ಮೊದಲನೆಯದು ಅಂಗಡಿಯವನ ಹೆಮ್ಮೆಯ ಮಾಲು. ಅಗಲವಾದ ಪರದೆ, ಗಾಜಿನಷ್ಟು ನುಣುಪಾದ ಗುಂಡಿಗಳು. ಕರೆ ದಾಟಿಸಬೇಕಾದರೆ ಪರದೆಯಲ್ಲಿ ಬರುವ ಪಟ್ಟಿಯನ್ನು ನೋಡಿ ಆರಿಸಬೇಕು. ಇಪ್ಪತ್ತರಲ್ಲಿ ಆರು ಸರಿ.

"ಇದು ಫೋನಲ್ಲಮ್ಮ, ಮೀನು. ಎಲ್ಲಿ ಹಿಡಿದ್ರೂ ಜಾರುತ್ತೆ," ಎಂದರು ಮಾಮ.

ಎರಡನೆಯದರ ಗುಂಡಿಗಳು ಎದ್ದಿದ್ದವು. ಆದರೆ ಮೂರೂ ಲೈನು ಒಂದೇ ಸದ್ದಿನಲ್ಲಿ ಬಡಿದುಕೊಳ್ಳುತ್ತಿದ್ದವು. ಯಾವುದು ಕರೆಯುತ್ತಿದೆ ಎಂದು ದೀಪ ನೋಡಿ ತಿಳಿಯಬೇಕು. ಹನ್ನೊಂದು. ಮೂರನೆಯದರಲ್ಲಿ ಹದಿನಾರು ಸರಿ ಬಂತು. ಹದಿನೇಳನೆಯ ಕರೆಗೆ ಕರೆಂಟು ಹೋಯಿತು, ಬಂದಾಗ ಅದು ಸದ್ದಿಲ್ಲದೆ ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ನಿಂತಿತು. ಹಳೆಯ ಪೆಟ್ಟಿಗೆಗೆ ಈ ಕಷ್ಟವೇ ಇರಲಿಲ್ಲ. ಅದರ ಕರೆಂಟು ಟೆಲಿಫೋನ್ ತಂತಿಯಲ್ಲೇ ಬರುತ್ತಿತ್ತು. ಇಡೀ ಮೊಹಲ್ಲಾ ಕತ್ತಲಾದರೂ ಮಾಮನ ಗಂಟೆ ಹೊಡೆಯುತ್ತಿತ್ತು. ಆ ತಿಂಗಳು ನಾನು ಎಣಿಸಿದಂತೆ ಕರೆಂಟು ಹಗಲಿನಲ್ಲೇ ಐದಾರು ಸಲ ಹೋಗುತ್ತಿತ್ತು.

ನಾಲ್ಕನೆಯದನ್ನು ಅಂಗಡಿಯವನು ನಾಚಿಕೊಂಡೇ ಕೊಟ್ಟಿದ್ದ. ಹಳೆಯ ಮಾದರಿ, ಕಪ್ಪು, ಇಟ್ಟಿಗೆಯಷ್ಟು ಭಾರ. ಐದನೆಯ ಅಂಕಿಯ ಮೇಲೆ ಒಂದು ಗುಬಟು. ಲೈನಿಗೊಂದು ಬೇರೆ ಸದ್ದು ಹಾಕಬಹುದು. ಒತ್ತಿದರೆ ಟಿಕ್ ಎನ್ನುತ್ತದೆ. ಕರೆಂಟು ಹೋಗಿ ಬಂದರೆ ತಾನೇ ಸಿದ್ಧವಾಗಿ ಎರಡು ಸಲ ಬೀಪ್ ಮಾಡುತ್ತದೆ. ಇಪ್ಪತ್ತರಲ್ಲಿ ಹತ್ತೊಂಬತ್ತು. ಇನ್ನೊಂದು ಸುತ್ತು ಕೊಟ್ಟೆ, ಇಪ್ಪತ್ತಕ್ಕೆ ಇಪ್ಪತ್ತು.

ವ್ಯವಸ್ಥಾಪಕರು ಅಂದು ಎಲ್ಲರಿಗೂ ಮಣ್ಣಿನ ಕುಲ್ಹಡ್‌ ಲೋಟದಲ್ಲಿ ಚಹಾ ತರಿಸಿದರು. "ನೋಟ್‌ಬುಕ್ಕಿಗೂ ಒಂದು ಹೇಳಲೇನಮ್ಮ?" ಎಂದು ನನ್ನನ್ನು ಛೇಡಿಸಿದರು.

ಆ ಪುಟದಲ್ಲಿ ಇನ್ನೊಂದು ಸಾಲೂ ಇದೆ. ಹಳೆಯ ಲೈನಿನ ಕರೆಗಳಲ್ಲಿ ಎದುರಿನವರು ಮಾತು ನಿಲ್ಲಿಸಿದಾಗ ಮಾಮ ತಮ್ಮ ಬ್ರೈಲ್ ಕಡ್ಡಿಯಿಂದ ಮೇಜಿನ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು. ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ಇಂಟರ್ನೆಟ್ ಫೋನಿನಲ್ಲಿ ಪ್ರತಿ ಸದ್ದಿಗೂ ಲೈನಿನಲ್ಲಿ ಜಾಗ ಬೇಕು, ನಮ್ಮ ಬ್ರಾಡ್‌ಬ್ಯಾಂಡಿನ ದಾರಿಯೋ ಬಹಳ ಕಿರಿದು. ನಾನು ಅದನ್ನು "ಲೋಪ: ಕಡ್ಡಿ ಬಡಿಯುವ ಚಟ" ಎಂದು ಬರೆದು ಮಾಮನಿಗೆ ಹೇಳಿದೆ.

"ಸರಿ ಬಿಡಮ್ಮ. ಕೈ ಕಟ್ಟಿ ಕೂರ್ತೀನಿ," ಎಂದರು. ಆಮೇಲೆ ಬಡಿಯಲಿಲ್ಲ.

ಆಗಸ್ಟ್ ಕೊನೆಯ ವಾರ ಕೋತಿಗಳಿಗೆ ಹೋಯಿತು. ಮಹಡಿಯ ಮೇಲೆ ಎಳೆದ ತಂತಿಯನ್ನು ಎರಡು ಕಡೆ ಅಗಿದುಬಿಟ್ಟಿದ್ದವು. ಎಲೆಕ್ಟ್ರಿಷಿಯನ್ ತುಂಡನ್ನು ಕೈಯಲ್ಲಿ ಹಿಡಿದು "ಬಂದರವಾ ಕೇ ಕಾ ಪತಾ, ದೀದಿ," ಎಂದ, ಕೋತಿಗೇನು ಗೊತ್ತು ಎಂದು. ಹರಿಶ್ಚಂದ್ರ ಘಾಟಿನ ಹೊಗೆ ನಮ್ಮ ಕಡೆಗೇ ತಿರುಗಿದ್ದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಮಹಡಿಯಲ್ಲಿ ಕೂತು ಹೊಸ ತಂತಿಯನ್ನು ಕಬ್ಬಿಣದ ಕೊಳವೆಯೊಳಗೆ ತೂರಿಸಿದೆವು. ಫೋನುಗಳನ್ನು ಇನ್ವರ್ಟರಿಗೆ ಜೋಡಿಸಿದೆ. ನನ್ನ ಪಟ್ಟಿಯಲ್ಲಿ ಏನೂ ಬಾಕಿ ಇರಲಿಲ್ಲ.

ಸೆಪ್ಟೆಂಬರ್ ಮೂರು, ಸೋಮವಾರ, ನಿಜವಾದ ಕರೆಗಳು ಶುರುವಾದವು. ಇಪ್ಪತ್ಮೂರು ಬಂದವು. ಮಾಮನ ಬೆರಳು ಒಂದು ಸಲವೂ ತಪ್ಪಲಿಲ್ಲ. ಆದರೂ ಸಂಜೆ ಮೈಸೂರಿನ ಗುಮಾಸ್ತೆ ಹಳೆಯ ಲೈನಿನಲ್ಲಿ ನನ್ನನ್ನು ಕರೆದಳು.

"ಏನ್ರೀ, ನಿಮ್ಮವರು ಮೂರು ಜನರ ಮಧ್ಯದಲ್ಲೇ ಫೋನ್ ಇಟ್ಟುಬಿಟ್ರು. ಒಬ್ಬರು ಗಂಡನ್ನ ಕಳ್ಕೊಂಡವರು. ಪಾಪ, ಅಳ್ತಾ ಇದ್ರು ಕಣ್ರೀ."

ಮಾಮನನ್ನು ಕೇಳಿದೆ.

"ಲೈನ್ ಸತ್ತಿತ್ತಮ್ಮ. ಸತ್ತ ಲೈನ್ ಹಿಡ್ಕೊಂಡು ಕೂತರೆ ಅವರು ಮತ್ತೆ ಮಾಡ್ದಾಗ ಎಂಗೇಜ್ ಬರುತ್ತೆ. ತಕ್ಷಣ ಇಟ್ಟುಬಿಡಬೇಕು. ಇಪ್ಪತ್ತೊಂದು ವರ್ಷ ಹಾಗೇ ಮಾಡಿದ್ದು."

"ಸತ್ತಿರಲಿಲ್ಲವಂತೆ ಮಾಮ. ಅವರು ಅಲ್ಲೇ ಇದ್ರಂತೆ."

"ಇದ್ದಿದ್ರೆ ಕೇಳಿಸ್ತಿತ್ತು."

ಮಾರನೆಯ ಬೆಳಿಗ್ಗೆ ಗುಮಾಸ್ತೆಗೆ ಹೇಳಿ, ಅವಳು ಕ್ಯಾಬಿನ್‌ನಲ್ಲಿ ಸುಮ್ಮನೆ ಕೂರುವಂತೆ ಮಾಡಿ, ನಾನೇ ರಿಸೀವರನ್ನು ಕಿವಿಗಿಟ್ಟು ಕಣ್ಣು ಮುಚ್ಚಿದೆ. ಏನೂ ಇರಲಿಲ್ಲ. ಉಸಿರಿಲ್ಲ, ಫ್ಯಾನಿಲ್ಲ, ರಸ್ತೆಯಿಲ್ಲ. ಕಣ್ಣು ತೆರೆದರೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ನೋಡುವವರಿಗೆ ಕರೆ ಬದುಕಿತ್ತು, ಕೇಳುವವರಿಗೆ ಸತ್ತಿತ್ತು.

ಕಾರಣ ಸರಳ. ಕಿರಿದಾದ ದಾರಿಯಲ್ಲಿ ಮೂರು ಕರೆ ಹಿಡಿಸಬೇಕೆಂದು ಈ ವ್ಯವಸ್ಥೆಯಲ್ಲಿ ಒಂದು ಉಪಾಯವಿದೆ. ಮಾತಾಡದೆ ಇರುವಾಗ ಅದು ಏನನ್ನೂ ಕಳಿಸುವುದಿಲ್ಲ. ಮೆಲ್ಲಗಿನ ಉಸಿರನ್ನೂ ಅದು ಮೌನವೆಂದೇ ಲೆಕ್ಕ ಹಾಕಿ ತಡೆಹಿಡಿಯುತ್ತದೆ. ನನ್ನ ಎಂಬತ್ತಕ್ಕೂ ಹೆಚ್ಚು ಪರೀಕ್ಷೆಯ ಕರೆಗಳಲ್ಲಿ ಇದು ಕಾಣಿಸಿರಲಿಲ್ಲ, ಏಕೆಂದರೆ ನಾನು ಒಂದೇ ಸಮನೆ ಪಟ್ಟಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಮೈಸೂರಿನಿಂದ ಮಾತಾಡುವವರು ಹೆಸರು ಹೇಳುವ ಹೊತ್ತಿಗೆ ನಿಂತುಬಿಡುತ್ತಾರೆ. ಗೋತ್ರದವರೆಗೆ ಹೇಳುತ್ತಾರೆ, ಆಮೇಲೆ ಸತ್ತವರ ಹೆಸರು ಬಾಯಿಗೆ ಬರುವುದಿಲ್ಲ. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೂ.

ಆ ಉಪಾಯವನ್ನು ಎರಡೂ ಕಡೆ ನಿಲ್ಲಿಸಿದೆ. ಮಾಮ ಒಂದು ಕರೆ ಎತ್ತಿದರು, ಕೇಳಿದರು, ಮುಖ ಸಡಿಲವಾಯಿತು.

"ಹಾಂ. ಈಗ ಇದ್ದಾರೆ. ಹಿಂದೆ ಯಾರೋ ಕುರ್ಚಿ ಎಳೀತಿದ್ದಾರೆ."

ಹನ್ನೊಂದು ಗಂಟೆಗೆ ಮೂರೂ ಕ್ಯಾಬಿನ್ ತುಂಬಿದವು. ಮೂವರ ಮಾತೂ ಚೂರುಚೂರಾಗಿ ಬರತೊಡಗಿತು. "ಕಾ... ಗೋ... ಇಪ್ಪ..." ಎನ್ನುವಂತೆ. ಕಾರ್ಯದರ್ಶಿಗಳು ಅಂದಿನ ಕರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದರು. ಒಂದು ಹೊತ್ತಿಗೆ ಒಂದೇ ಕ್ಯಾಬಿನ್ ಬಿಡೋಣವೇ ಎಂದು ಕೇಳಿದೆ. "ಪಕ್ಷದಲ್ಲಿ ಜನ ಬೀದಿವರೆಗೆ ನಿಂತಿರ್ತಾರೆ ತಾಯಿ," ಎಂದರು. ಅಗಲವಾದ ಲೈನ್ ಕೇದಾರ ಘಾಟಿನ ಗಲ್ಲಿಗೆ ಆ ವರ್ಷ ಬರುವ ಹಾಗಿರಲಿಲ್ಲ. ಅರ್ಜಿ ಹಾಕಿ ಬಂದೆ, ಅಷ್ಟೆ. ಉಪಾಯವನ್ನು ಮತ್ತೆ ಹಚ್ಚಿದೆ.

ಫೋನಿನ ಕೈಪಿಡಿಯಲ್ಲಿ ಇನ್ನೊಂದು ದಾರಿ ಸಿಕ್ಕಿತು. ಎದುರಿನಿಂದ ಏನೂ ಬಾರದ ಹೊತ್ತಿನಲ್ಲಿ ಫೋನು ತಾನೇ ಕಿವಿಯೊಳಗೆ ಒಂದು ತೆಳುವಾದ ಸದ್ದು ಮಾಡುತ್ತಿರುತ್ತದೆ, ಕೇಳುವವರಿಗೆ ಲೈನಿದೆ ಎನಿಸಲಿ ಎಂದು. ಮಾಮನ ಫೋನಿನಲ್ಲಿ ಅದನ್ನು ಹಚ್ಚಿದೆ.

"ಇದೇನು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ?" ಎಂದರು.

"ಇದು ಕೇಳ್ತಿದ್ರೆ ಅವರಿದ್ದಾರೆ ಅಂತ ಮಾಮ. ಇಡಬೇಡಿ."

ಐದರಿಂದ ಏಳನೆಯ ತಾರೀಖಿನವರೆಗೆ ಮೂವತ್ತೊಂಬತ್ತು ಕರೆ, ಮೂವತ್ತೊಂಬತ್ತೂ ಸರಿ. ಸೋಮವಾರದ ಇಪ್ಪತ್ತು ಸೇರಿ ಅರವತ್ತೆರಡಕ್ಕೆ ಐವತ್ತೊಂಬತ್ತು. ಇನ್ನು ಎರಡು ತಪ್ಪಿಗೆ ಜಾಗವಿತ್ತು. ಮೈಸೂರಿನ ಗುಮಾಸ್ತೆ ಮಾತ್ರ ಒಮ್ಮೆ, "ನಿಮ್ಮ ಕಡೆ ಬಾವಿ ಥರ ಇರುತ್ತೆ ಕಣ್ರೀ. ಜನ ಹಲೋ ಹಲೋ ಅಂತಾರೆ," ಎಂದಳು. ಅದನ್ನೂ ಬರೆದುಕೊಂಡೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಲೆಕ್ಕ ಮಾಮನ ತಪ್ಪುಗಳದ್ದಾಗಿತ್ತು.

ಹತ್ತನೆಯ ತಾರೀಖು, ಸೋಮವಾರ. ಆರು ಕರೆ ಸರಿಹೋದವು. ಏಳನೆಯದು ನಂಜನಗೂಡಿನ ಕಡೆಯ ಒಬ್ಬ ತಂದೆಯದು. ನಾನು ರೂಮಿನ ಮೇಜಿನಲ್ಲಿ ಕೂತು ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದೆ. ಮಾಮ ಗೋತ್ರ ಕೇಳಿದ್ದು ಕಿವಿಗೆ ಬಿತ್ತು. "ಮಗನ ಹೆಸರು ಹೇಳಿ" ಎಂದದ್ದೂ. ಆಮೇಲೆ ಮಾತಿಲ್ಲ. ಮಾಮ ತಲೆ ತಗ್ಗಿಸಿ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಗೆರೆ ಎಳೆಯುವುದನ್ನು ಮುಂದುವರಿಸಿದೆ. ವ್ಯವಸ್ಥಾಪಕರು ಏನೋ ಕೇಳಲು ಬಂದಾಗ ಮಾಮ ಕೈ ಎತ್ತಿ ತಡೆದರು. ಅವರೂ ಬಾಗಿಲಲ್ಲೇ ನಿಂತರು.

ಹಳೆಯ ಲೈನು ಬಡಿದುಕೊಂಡಿತು. ಗುಮಾಸ್ತೆ. "ಇಂಟರ್ನೆಟ್ ಹೋಗಿ ಹತ್ತು ನಿಮಿಷ ಆಯ್ತು. ಆ ಯಜಮಾನರು ಕಾದು ಕಾದು ಎದ್ದು ಹೋದ್ರು."

ಎದ್ದು ಬಂದು ಮಾಮನ ಫೋನು ನೋಡಿದೆ. ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು, ಇನ್ನೂ ಓಡುತ್ತಿತ್ತು. ಪರದೆಯ ಮೂಲೆಯಲ್ಲಿ ಲೈನಿನ ಸಣ್ಣ ಗುರುತು ಮಾತ್ರ ಆರಿತ್ತು. ರಿಸೀವರಿನಿಂದ ಅಕ್ಕಿ ಕೇರುವ ಸದ್ದು ನನಗೂ ಕೇಳುವಷ್ಟಿತ್ತು.

"ಮಾಮ, ಲೈನಿಲ್ಲ."

ಅವರು ರಿಸೀವರನ್ನು ಕಿವಿಯಿಂದ ತೆಗೆದರು, ಮತ್ತೆ ಇಟ್ಟುಕೊಂಡು ಕೇಳಿದರು, ಕೆಳಗಿಟ್ಟರು.

"ಎಷ್ಟು ಹೊತ್ತಿಂದ?"

"ಹತ್ತು ನಿಮಿಷ."

"ಅಷ್ಟೂ ಹೊತ್ತು ನಾನು ಯಾರ ಜೊತೆ ಕೂತಿದ್ದೆ?"

ವ್ಯವಸ್ಥಾಪಕರು ಹೊರಗೆ ಹೋದರು. ಮಾಮ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೂರು ಗಂಟೆಗೆ ನನ್ನನ್ನು ಕರೆದು, "ಆ ಸದ್ದನ್ನ ತೆಗೆದುಬಿಡು," ಎಂದರು.

"ತೆಗೆದ್ರೆ ಮೊದಲಿನ ಹಾಗೇ ಆಗುತ್ತೆ ಮಾಮ. ಇನ್ನು ಮೂವತ್ತೊಂದು ಕರೆ ಅಷ್ಟೆ. ಇವತ್ತಿನದು ಇಂಟರ್ನೆಟ್ ತಪ್ಪು, ನಿಮ್ಮ ಲೆಕ್ಕಕ್ಕೆ ಹಾಕಲ್ಲ."

"ಹಾಕು. ಫೋನ್ ಕೈಲಿದ್ದದ್ದು ನಂದು."

"ಹಾಕಿದ್ರೂ ಇನ್ನೊಂದು ತಪ್ಪಿಗೆ ಜಾಗ ಇದೆ. ಸದ್ದು ಇರಲಿ ಮಾಮ. ಹೀಗೆ ಹತ್ತು ನಿಮಿಷ ದಿನಾ ಆಗಲ್ಲ."

"ಯಾರೂ ಇಲ್ಲದ ಕಡೆ ಇದ್ದಾರೆ ಅನ್ನತ್ತಲ್ಲಮ್ಮ ಅದು. ನನಗೆ ಇರೋದು ಕಿವಿ ಒಂದೇ. ಅದಕ್ಕೂ ಸುಳ್ಳು ಹೇಳ್ಕೊಂಡು ಹೇಗೆ ಕೂರಲಿ?"

ಹಾಗಾದರೆ ಮಾತು ನಿಂತಾಗಲೆಲ್ಲ "ಇದ್ದೀರಾ?" ಎಂದು ಕೇಳುತ್ತಿರಿ, ಉತ್ತರ ಬಂದರೆ ಇದ್ದಾರೆ, ಇಲ್ಲದಿದ್ದರೆ ಇಡಿ ಎಂದೆ. ಅದು ಒಳ್ಳೆಯ ಉಪಾಯವೆಂದೇ ನನಗೆ ಅನ್ನಿಸಿತ್ತು.

"ಅಳೋರ ಹಾಜರಿ ತಗೊಳ್ಳಲಾ?" ಎಂದರು ಮಾಮ. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಫೋನಿನ ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೇ. ತೆಗೆದೆ ಎಂದು ಹೇಳಿ ತೆಗೆಯದೆ ಇರುವಂತಿರಲಿಲ್ಲ, ಕೇಳಿದರೆ ತಿಳಿಯುತ್ತಿತ್ತು. ಆದರೆ ಆಗುವುದಿಲ್ಲ ಎನ್ನಬಹುದಿತ್ತು. ಮಹಡಿಗೆ ಹೋಗಿ ನೋಟ್‌ಬುಕ್ ತೆರೆದು ಕೂಡಿ ಕಳೆದು ನೋಡಿದೆ. ಸದ್ದು ಇದ್ದರೆ ಮಾಮನ ಕುರ್ಚಿ ಹೆಚ್ಚುಕಡಿಮೆ ಉಳಿಯುತ್ತಿತ್ತು. ತೆಗೆದರೆ ಹೋಗುವುದು ಖಚಿತ. ಎಷ್ಟು ಸಲ ಕೂಡಿದರೂ ಅದೇ ಬಂತು. ಅರ್ಧ ಗಂಟೆಯ ನಂತರ ಕೆಳಗೆ ಬಂದು ತೆಗೆದೆ. ಅಂದಿನ ಕರೆಯನ್ನು ತಪ್ಪಿನ ಕಾಲಮಿಗೆ ಹಾಕಿದೆ.

ಉಳಿದ ಮೂವತ್ತೊಂದು ಕರೆಗೆ ಮೂರು ದಿನ ಹಿಡಿಯಿತು. ಆ ದಿನಗಳಲ್ಲಿ ಲೈನು ನಿಜವಾಗಿಯೂ ಆಗಾಗ ಬೀಳುತ್ತಿತ್ತು. ಬಿದ್ದ ಲೈನೂ ಅಳುವ ಮನುಷ್ಯರೂ ಮಾಮನ ಕಿವಿಯಲ್ಲಿ ಒಂದೇ ಥರ ಇದ್ದರು. ಮೂರು ಸಲ ಅವರು ಅಳುವವರನ್ನು ಸತ್ತ ಲೈನೆಂದು ಇಟ್ಟರು. ಎರಡು ಸಲ ಸತ್ತ ಲೈನನ್ನು ಅಳುವವರೆಂದು ಹಿಡಿದುಕೊಂಡು ಕೂತರು. ಕೊನೆಯ ಲೆಕ್ಕ: ನೂರಕ್ಕೆ ತೊಂಬತ್ತೊಂದು.

ಕಾರ್ಯದರ್ಶಿಗಳು ನನ್ನ ವರದಿಯನ್ನು ಹೊಗಳಿದರು. ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದುಕೊಟ್ಟಿಲ್ಲ ಎಂದರು. ಅಗಲ ಪರದೆಯ ಮೊದಲನೆಯ ಮಾದರಿಯಲ್ಲೇ ಐದೂ ಫೋನು ಕೊಳ್ಳಲು ಹೇಳಿದರು. "ಪಕ್ಷ ಮುಗಿಯೋವರೆಗಾದ್ರೂ ನೀನೇ ಕೂತ್ಕೊ ತಾಯಿ. ನಿನಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿಲ್ಲ."

ಮಾಮ ತಮ್ಮ ಕಡೆಯ ಎರಡು ದಿನಗಳಲ್ಲಿ, ಚೀಲದಲ್ಲಿ ಉಳಿದಿದ್ದ ಬ್ರೈಲ್ ಹಾಳೆಗಳನ್ನೆಲ್ಲ ಬೆರಳಿನಿಂದ ಓದಿ ಹೇಳಿದರು. ನಾನು ಬರೆದುಕೊಂಡೆ. ಹಾಸನದ ಒಬ್ಬರು, ಪ್ರತಿ ವರ್ಷ ತಾಯಿಯದು; ಶಿರಸಿಯ ಒಬ್ಬರು, ತಂದೆಯ ಹೆಸರು ಹೇಳುವ ಮೊದಲು ನೀರು ಕುಡಿಯುತ್ತಾರೆ, ಕಾಯಬೇಕು. ಹಾಗೆಲ್ಲ ಇತ್ತು ಅದರಲ್ಲಿ. ಮುಗಿದ ಮೇಲೆ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು, "ಗೋಡೆ ಗಡಿಯಾರಕ್ಕೆ ಶನಿವಾರ ಕೀ ಕೊಡು," ಎಂದು ಹೇಳಿ ಗಲ್ಲಿಗಿಳಿದರು.

ಸೆಪ್ಟೆಂಬರ್ ಇಪ್ಪತ್ತೇಳು, ಗುರುವಾರ, ಪಕ್ಷದ ಮೊದಲ ದಿನ. ಒಂಬತ್ತು ಗಂಟೆಗೆ ಕುರ್ಚಿಯಲ್ಲಿ ಕೂತೆ. ಪರದೆ ಬೆಳಗುತ್ತಿತ್ತು. ನುಣುಪು ಗುಂಡಿಗಳು ನನ್ನ ಕೈಯಲ್ಲಿ ಜಾರಲಿಲ್ಲ.

ಐದನೆಯ ಕರೆ ಒಬ್ಬ ಹೆಂಗಸಿನದು. ಊರು ಹೇಳಿದರು, ಗೋತ್ರ ಹೇಳಿದರು. "ಯಾರದಮ್ಮ?" ಎಂದೆ. "ನನ್ನ ಮಗಳದು," ಎಂದರು. ಆಮೇಲೆ ಏನೂ ಇಲ್ಲ.

ನನಗೆ ಗಾಬರಿಯಾಗಲಿಲ್ಲ. ಸೆಕೆಂಡುಗಳು ಓಡುತ್ತಿದ್ದವು, ಮೂಲೆಯ ಗುರುತು ಉರಿಯುತ್ತಿತ್ತು. ಅವರಿದ್ದಾರೆ. ಮಾಮ ಕಾಯುತ್ತಿದ್ದಂತೆಯೇ ಕಾಯಬೇಕೆಂದು ಉಸಿರು ಬಿಗಿಹಿಡಿದು ಕೂತೆ. ಇಪ್ಪತ್ತು ಸೆಕೆಂಡು. ಮೂವತ್ತು. ನಲವತ್ತು.

"ಹಲೋ?" ಎಂದಿತು ದನಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಫೋನಿನಿಂದಾಚೆ ತಿರುಗಿ ಪಕ್ಕದಲ್ಲಿದ್ದ ಯಾರಿಗೋ ಹೇಳಿತು, "ಆ ಕಡೆ ಯಾರೂ ಇಲ್ಲ ಕಣೇ."

ನನ್ನ ಮೌನವೂ ಅಲ್ಲಿಗೆ ಹೋಗಿರಲಿಲ್ಲ. ಕೈಯಲ್ಲಿದ್ದ ಪೆನ್ನಿನಿಂದ, ಮಾಮ ಕಡ್ಡಿಯಿಂದ ಬಡಿಯುತ್ತಿದ್ದ ಹಾಗೆ, ಮೇಜಿನ ಮೇಲೆ ಬಡಿದೆ. ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ಆ ಹೊತ್ತಿಗೆ ಸೆಕೆಂಡುಗಳು ನಿಂತಿದ್ದವು.

ಅವರು ಆ ದಿನ ಮತ್ತೆ ಕರೆ ಮಾಡಲಿಲ್ಲ. ಸಂಜೆ ನೋಟ್‌ಬುಕ್ಕಿನಲ್ಲಿ ಬರೆದೆ: ಹದಿನೇಳು ಕರೆ, ಹದಿನಾರು ಸರಿ.